ಡಿವಿಲಿಯರ್ಸ್ ಅವರ ಮೂಲ ಊರು ಯಾವುದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ್ರೀ. ನಮ್ಮ ಮನೆಯಲ್ಲಿ ಎಲ್ಲರೂ ಆರ್‌ಸಿಬಿ ಕಡೆಯವರು. ಮೊನ್ನೆ ಹಳೇ ಮ್ಯಾಚ್ ನೋಡ್ತಾ ಕೂತಾಗ ಮಗಳು ಕೇಳಿದಳು, ಎಬಿ ಡಿವಿಲಿಯರ್ಸ್ ದಕ್ಷಿಣ ಆಫ್ರಿಕಾದವರಾದ್ರೆ ಹೆಸರು ಯಾಕೆ ಫ್ರೆಂಚ್ ಥರ ಇದೆ ಅಂತ. ಹೆಸರಿನ ಮುಂದೆ 'ಡಿ' ಇದ್ರೆ ರಾಜಮನೆತನದವರು ಅಂತಾನೆ ನನ್ನ ತಮ್ಮ. ಖರೇನಾ?
– ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಮಗಳ ಅನುಮಾನ ಸರಿ. ಅದು ಫ್ರೆಂಚ್ ಅಡ್ಡಹೆಸರೇ. ತಮ್ಮ ಹೇಳಿದ್ದು ಮಾತ್ರ ಸರಿಯಿಲ್ಲ. ಆ 'ಡಿ'ಯನ್ನು ಫ್ರೆಂಚರು 'ದ' ಅನ್ನುತ್ತಾರೆ. ಅದರ ಅರ್ಥ 'ಇಂಥ ಊರಿನವರು' ಅಂತ, ಅಷ್ಟೇ. ದೊಡ್ಡ ಜಮೀನಿನವರ ಹೆಸರಲ್ಲೂ ಅದು ಇತ್ತು, ಸಾಮಾನ್ಯರ ಹೆಸರಲ್ಲೂ ಇತ್ತು. ಇನ್ನು 'ವಿಲಿಯೇ' ಅಂದರೆ ಹೊಲಮನೆ, ಇಲ್ಲಾ ನಾಲ್ಕಾರು ಮನೆಗಳ ಸಣ್ಣ ಹಳ್ಳಿ. ಫ್ರಾನ್ಸ್‌ನಲ್ಲಿ ಆ ಹೆಸರಿನ ಊರುಗಳು ಬೇಕಾದಷ್ಟಿವೆ. ಹಾಗಾಗಿ ಫ್ರಾನ್ಸ್‌ನಲ್ಲಿ ಇಬ್ಬರಿಗೆ ಇದೇ ಹೆಸರಿದ್ದರೆ ಅವರು ಬೀಗರು, ಬಳಗ ಅಂತ ತಿಳಿಯಬೇಡಿ.

ಒಂದು ವಿಷಯ ಗಮನಿಸಿ. ಊರಿನ ಹೆಸರು ಅಡ್ಡಹೆಸರಾಗಿ ಅಂಟಿಕೊಳ್ಳೋದು ಸಾಮಾನ್ಯವಾಗಿ ಆ ಊರು ಬಿಟ್ಟ ಮೇಲೆ. ನಮ್ಮ ಮನೆತನಕ್ಕೆ ಅಣ್ಣಿಗೇರಿ ಅಂತ ಹೆಸರು. ಅಜ್ಜನ ಅಪ್ಪ ಅಣ್ಣಿಗೇರಿಯಲ್ಲೇ ಇದ್ದಿದ್ದರೆ ಯಾರೂ ಅವರನ್ನು ಹಾಗೆ ಕರೆಯುತ್ತಿರಲಿಲ್ಲ, ಯಾಕಂದರೆ ಅಲ್ಲಿ ಎಲ್ಲರೂ ಅಣ್ಣಿಗೇರಿಯವರೇ ಅಲ್ವಾ? ಹತ್ತಿ ವ್ಯಾಪಾರಕ್ಕೆ ಅಂತ ಹುಬ್ಬಳ್ಳಿಗೆ ಬಂದರು, ಇಲ್ಲಿನವರು 'ಅಣ್ಣಿಗೇರಿಯವರು ಬಂದರು' ಅಂದರು, ಅದೇ ಉಳಿಯಿತು. ದ ವಿಲಿಯೇ ಕೂಡ ಹಾಗೇ ಹುಟ್ಟಿದ ಹೆಸರು. ಅಂದರೆ ಸಮುದ್ರ ದಾಟುವ ಎಷ್ಟೋ ಮುಂಚೆಯೇ ಆ ಮನೆತನದ ಹಿರಿಯರು ಯಾರೋ ಒಂದು ಹಳ್ಳಿ ಬಿಟ್ಟು ಇನ್ನೊಂದು ಊರಿಗೆ ಬಂದಿದ್ದರು ಅಂತ ಆ ಹೆಸರೇ ಹೇಳುತ್ತದೆ.

ಈಗ ಸಮುದ್ರದ ಕಥೆಗೆ ಬರೋಣ. ಫ್ರಾನ್ಸ್‌ನ ಪ್ರಾಟೆಸ್ಟೆಂಟರಿಗೆ ಹ್ಯೂಗೆನಾಟ್ ಅನ್ನುತ್ತಿದ್ದರು. ಅವರ ಪಂಥಕ್ಕೆ 1598ರಲ್ಲಿ ಅರಸ 4ನೇ ಹೆನ್ರಿ ನಾಂತ್ ಊರಲ್ಲಿ ಆಜ್ಞೆ ಹೊರಡಿಸಿ ರಕ್ಷಣೆ ಕೊಟ್ಟಿದ್ದ. 1685ರಲ್ಲಿ ಅವನ ಮೊಮ್ಮಗ 14ನೇ ಲೂಯಿ ಅದನ್ನು ರದ್ದು ಮಾಡಿದ. ಪಾದ್ರಿಗಳು ಎರಡು ವಾರದಲ್ಲಿ ದೇಶ ಬಿಡಬೇಕು, ಉಳಿದವರು ಮಾತ್ರ ಬಿಡುವ ಹಾಗಿಲ್ಲ. ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರನ್ನು ಹಡಗಿನ ಹುಟ್ಟು ಹಾಕುವ ಶಿಕ್ಷೆಗೆ ತಳ್ಳುತ್ತಿದ್ದರು. ಅಷ್ಟಾದರೂ ಲಕ್ಷಕ್ಕೂ ಜಾಸ್ತಿ ಜನ ಗಡಿ ದಾಟಿದರು. ಇಂಗ್ಲೆಂಡ್, ಹಾಲೆಂಡ್, ಜರ್ಮನಿ, ಎಲ್ಲಿ ದಾರಿ ಸಿಕ್ಕಿತೋ ಅಲ್ಲಿಗೆ.

ಹಾಲೆಂಡ್ ಸೇರಿದವರಲ್ಲಿ ಸುಮಾರು 200 ಜನರನ್ನು ಡಚ್ ಈಸ್ಟ್ ಇಂಡಿಯಾ ಕಂಪನಿ ಆಫ್ರಿಕಾದ ತುದಿಗೆ, ಕೇಪ್‌ಗೆ ಕಳಿಸಿತು. ನಮ್ಮ ಕಡೆಗೆ, ಜಾವಾ ಕಡೆಗೆ ಬರುವ ಹಡಗುಗಳು ನೀರು, ಕಾಯಿಪಲ್ಲೆ ತುಂಬಿಕೊಳ್ಳುತ್ತಿದ್ದದ್ದು ಅಲ್ಲೇ. ಬೇಸಾಯ ಬಲ್ಲವರು ಕಂಪನಿಗೆ ಬೇಕಿತ್ತು. ಹಾಗೆ 1689ರಲ್ಲಿ ಪಿಯೆರ್, ಅಬ್ರಹಾಂ, ಜಾಕಬ್ ಅನ್ನೋ ಮೂವರು ದ ವಿಲಿಯೇ ಅಣ್ಣತಮ್ಮಂದಿರು ಕೇಪ್‌ನಲ್ಲಿ ಇಳಿದರು. ಲಾ ರೋಶೆಲ್ ಬಂದರಿನ ಸುತ್ತಲಿನವರು. ಇವರಿಗೆ ದ್ರಾಕ್ಷಿ ಬೆಳೆ ಚೆನ್ನಾಗಿ ಗೊತ್ತು, ಸಹಾಯ ಮಾಡಿ ಅಂತ ಕಂಪನಿಯವರು ಅಲ್ಲಿನ ಅಧಿಕಾರಿಗೆ ಮೊದಲೇ ಕಾಗದ ಬರೆದಿದ್ದರು. ಹೀಗೆ ಬಂದ ಫ್ರೆಂಚರಲ್ಲಿ ಹಲವರು ನೆಲೆ ನಿಂತ ಕಣಿವೆಗೆ ಫ್ರಾನ್ಸ್‌ಹುಕ್ ಅನ್ನೋ ಹೆಸರು ಬಂತು, ಅಂದರೆ ಫ್ರೆಂಚರ ಮೂಲೆ. ಅಣ್ಣತಮ್ಮಂದಿರು ತಮ್ಮ ಹೊಲಗಳಿಗೆ ಬುರ್ಗೋನ್ಯ, ಶಾಂಪಾನ್ಯ, ಲಾ ಬ್ರಿ ಅಂತ ಫ್ರಾನ್ಸ್‌ನ ಸೀಮೆಗಳ ಹೆಸರಿಟ್ಟರು. ಮತ್ತೆ ನೋಡಲು ಸಿಗದ ನಾಡಿನ ಹೆಸರನ್ನು ಹೊಲಕ್ಕೆ ಇಟ್ಟುಕೊಂಡು ಉಳುಮೆ ಮಾಡಿದರಲ್ಲ, ಅದನ್ನು ನೆನೆದರೆ ಈಗಲೂ ನನಗೆ ಕರುಳು ಚುರ್ ಅನ್ನುತ್ತದೆ.

ಭಾಷೆ ಮಾತ್ರ ಉಳಿಯಲಿಲ್ಲ. ಅವರನ್ನು ಡಚ್ ರೈತರ ನಡುವೆ ಚೆದುರಿಸಿ ಜಮೀನು ಕೊಟ್ಟರು, ಶಾಲೆಯಲ್ಲಿ ಡಚ್ ಕಲಿಸಿದರು. ಎರಡು ಮೂರು ತಲೆಮಾರಿನಲ್ಲಿ ಮನೆಮಾತು ಬದಲಾಯಿತು. ಅಡ್ಡಹೆಸರು ಉಳಿಯಿತು. ಅಲ್ಲಿನವರು ಈಗಲೂ ಕೊನೆಯ 'ರ್ಸ್' ಬಿಟ್ಟು ಹೆಚ್ಚುಕಡಿಮೆ 'ವಿಲ್ಯೇ' ಅಂತಲೇ ಅನ್ನುತ್ತಾರೆ. 'ಡಿವಿಲಿಯರ್ಸ್' ಅಂತ ಪೂರ್ತಿ ಓದುವವರು ನಾವು.

ಫಾಫ್ ಡುಪ್ಲೆಸಿ ಅವರದೂ ಇದೇ ದಾರಿ. ಜಾನ್ ಪ್ರಿಯೂರ್ ದು ಪ್ಲೆಸಿ ಅನ್ನೋ ವೈದ್ಯ 1688ರಲ್ಲಿ ಕೇಪ್‌ಗೆ ಬಂದ. ಪ್ಲೆಸಿ ಅಂದರೆ ಹಸಿ ಟೊಂಗೆಗಳನ್ನು ಒಂದಕ್ಕೊಂದು ಹೆಣೆದು ಕಟ್ಟಿದ ಬೇಲಿ, ಆ ಬೇಲಿಯ ಒಳಗಿನ ಜಾಗ. ನಮ್ಮ ಹಿತ್ತಲಿನ ಕಂಟಿ ಬೇಲಿ ನೆನಪಾಯಿತಾ?

ಪ್ರಶ್ನೆ: ಹಾಗಾದರೆ ರೈಲಿ ರುಸೋ ಹೆಸರೂ ಫ್ರೆಂಚಾ? ಸ್ಪೆಲ್ಲಿಂಗ್ ಹಾಗೆ ಕಾಣಲ್ಲ.
– ಕಾಲೇಜು ವಿದ್ಯಾರ್ಥಿ, ಬ್ಯಾಡಗಿ

ಉತ್ತರ: ಹೌದು. ಫ್ರೆಂಚಿನ ರೂಸೋನೇ ಅದು. ಡಚ್ ಕಾರಕೂನರು ಕಿವಿಗೆ ಬಿದ್ದಂತೆ, ತಮ್ಮ ಭಾಷೆಯ ಅಕ್ಷರದಲ್ಲಿ ಬರೆದುಕೊಂಡರು. ಅಕ್ಷರ ಬದಲಾಯಿತು, ಉಚ್ಚಾರ ಉಳಿಯಿತು. ಹ್ಯಾನ್ಸಿ ಕ್ರೋನಿಯೆ ಹೆಸರೂ ಹೀಗೇ ಆದದ್ದು. ರೂಸೋ ಅಂದರೆ ಕೆಂಪು ಕೂದಲಿನವನು. ನಮ್ಮ ಕೆಂಚಪ್ಪನ ಹಾಗೆ.

ಪ್ರಶ್ನೆ: ಫ್ರೆಂಚರು ತಮ್ಮ ಅಡ್ಡಹೆಸರಿನ ಮೂಲ ಹೇಗೆ ಹುಡುಕುತ್ತಾರೆ? ನಾವು ಬಡಿಗೇರ ಮನೆತನದವರು, ನಮಗೂ ಆಸಕ್ತಿ ಇದೆ.
– ನಿವೃತ್ತ ಶಿಕ್ಷಕರು, ಗದಗ

ಉತ್ತರ: ಗುರುಗಳೇ, ಫ್ರೆಂಚರಲ್ಲೂ ನಿಮ್ಮಂಥ ಹೆಸರಿದೆ. ಶಾರ್ಪಾಂತಿಯೇ ಅಂದರೆ ಬಡಿಗ. ಲಫೇವ್ರ್, ಫಾಬ್ರ್ ಅಂದರೆ ಕಮ್ಮಾರ. ಅವರಿಗೆ ದೊಡ್ಡ ಆಸರೆ ಚರ್ಚಿನ ದಾಖಲೆ. ಮಕ್ಕಳ ದೀಕ್ಷಾಸ್ನಾನವನ್ನು ಪುಸ್ತಕದಲ್ಲಿ ಬರೆದಿಡಬೇಕು ಅಂತ 1539ರಲ್ಲೇ ಅರಸನ ಆಜ್ಞೆಯಾಯಿತು. 1792ರಿಂದ ಆ ಕೆಲಸ ಸರ್ಕಾರದ್ದಾಯಿತು. ಹುಟ್ಟಿನ ದಾಖಲೆಯಲ್ಲಿರುವ ಹೆಸರು ಬಿಟ್ಟು ಬೇರೆ ಇಟ್ಟುಕೊಳ್ಳಬಾರದು ಅಂತ 1794ರಲ್ಲಿ ಕಾನೂನು ಬಂತು. ಹೀಗಾಗಿ ಒಂದೊಂದೇ ತಲೆಮಾರು ಹಿಂದೆ ಹೋಗಬಹುದು. ಸುಮ್ನೆ ಹೆಸರು ಒಂದೇ ಇದೆ ಅಂತ ಎರಡು ಮನೆತನ ಜೋಡಿಸಬಾರದು. ಊರೂರಿಗೂ ಬಡಿಗರು ಇದ್ದೇ ಇರುತ್ತಾರೆ, ಅಲ್ಲೂ ಇಲ್ಲೂ.

ನೀವು ಮೊದಲು ಹಳೇ ಉತಾರ, ಶಾಲೆಯ ದಾಖಲಾತಿ ಪುಸ್ತಕ ನೋಡಿ. ಆಮೇಲೆ ನಿಮ್ಮ ಮನೆತನಕ್ಕೆ ಹೆಳವರು ಬರುತ್ತಿದ್ದರಾ ಅಂತ ಹಿರಿಯರನ್ನು ಕೇಳಿ. ನಾನು ಸಣ್ಣವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಕಟ್ಟೆಯ ಮುಂದೆ ಹೆಳವ ಎತ್ತು ನಿಲ್ಲಿಸಿ, ಗಂಟೆ ಬಾರಿಸಿ, ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಒಂದೇ ಉಸಿರಿಗೆ ಹೇಳುತ್ತಿದ್ದ. ಅವ್ವ ಮೊರದ ತುಂಬ ಜೋಳ ತಂದು ನಿಂತೇ ಕೇಳುತ್ತಿದ್ದಳು. ಅಣ್ಣಿಗೇರಿಗೂ ಮುಂಚೆ ನಮ್ಮವರು ನವಲಗುಂದದ ಕಡೆ ಇದ್ದರು ಅನ್ನೋದು ನನಗೆ ತಿಳಿದದ್ದು ಅವನಿಂದಲೇ.