ಧೂಳನ್ನು ಬಿಟ್ಟು ಈ ಕಥೆ ಹೇಳಲಾಗದು

ನಮಸ್ಕಾರ.

ನಕ್ಷತ್ರ ಹುಟ್ಟುವ ಮೋಡಗಳ ಕಾಂತಕ್ಷೇತ್ರದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಈ ಪತ್ರ.

‘ಕಾಂತಕ್ಷೇತ್ರ ನಕ್ಷತ್ರದ ಬೆಳಕನ್ನು ತಿರುಚುತ್ತದೆ’ ಎಂದು ಮೂರನೇ ಪ್ಯಾರಾದಲ್ಲಿ ಬರೆದಿದ್ದೀರಿ. ಇಲ್ಲೇ ಎಡವಿದ್ದೀರಿ. ಕೆಲಸ ಮಾಡುವುದು ಧೂಳು. ಮೋಡದಲ್ಲಿರುವ ಧೂಳಿನ ಕಣಗಳು ದುಂಡಗಿಲ್ಲ. ಗಿರಗಿರನೆ ಸುತ್ತುತ್ತಾ, ಉದ್ದದ ಬದಿ ಕಾಂತಕ್ಷೇತ್ರಕ್ಕೆ ಅಡ್ಡವಾಗುವ ಹಾಗೆ ಹೊಂದಿಕೊಳ್ಳುತ್ತವೆ. ಹಿಂದಿನ ನಕ್ಷತ್ರದಿಂದ ಬರುವ ಬೆಳಕಿನಲ್ಲಿ ಆ ಉದ್ದದ ದಿಕ್ಕಿಗೆ ಕಂಪಿಸುವ ಪಾಲನ್ನು ಸ್ವಲ್ಪ ಜಾಸ್ತಿ ತಡೆಯುತ್ತವೆ. ದಾಟಿ ಬಂದ ಬೆಳಕಿನಲ್ಲಿ ಕಾಂತಕ್ಷೇತ್ರದ ದಿಕ್ಕಿನ ಕಂಪನ ತುಸು ಹೆಚ್ಚು ಉಳಿಯುತ್ತದೆ. ವ್ಯತ್ಯಾಸ ಸಾಮಾನ್ಯವಾಗಿ ಕೆಲವೇ ಪರ್ಸೆಂಟ್. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನು ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ ನೋಡಿ, ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಮೋಡದ ಧೂಳು ತೀರಾ ಮಂಕಾದ ಅಂಥದ್ದೇ ಗಾಜು. ಓದುಗರಿಗೆ ಇದನ್ನು ಮೊದಲು ಕೊಡಿ.

1949ರ ಕಥೆಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅದು ನನಗೆ ನಿಜಕ್ಕೂ ಬೇಸರ ತಂದಿತು. ನಕ್ಷತ್ರದ ವಾತಾವರಣದಲ್ಲೇ ಬೆಳಕು ಧ್ರುವೀಕರಣಗೊಳ್ಳಬೇಕು, ಅಂದರೆ ಒಂದು ದಿಕ್ಕಿನ ಕಂಪನ ಹೆಚ್ಚಾಗಬೇಕು ಎಂದು ಖಭೌತವಿಜ್ಞಾನಿ ಚಂದ್ರಶೇಖರ್ ಲೆಕ್ಕ ಹಾಕಿದ್ದರು. ಖಗೋಳವಿಜ್ಞಾನಿಗಳಾದ ಹಿಲ್ಟ್ನರ್ ಮತ್ತು ಹಾಲ್ 1949ರಲ್ಲಿ ಹುಡುಕಲು ಹೊರಟಿದ್ದು ಅದನ್ನು. ಜೋಡಿ ನಕ್ಷತ್ರಗಳಲ್ಲಿ ಒಂದು ಇನ್ನೊಂದನ್ನು ಮರೆಮಾಡಿ, ಅಂಚಷ್ಟೇ ಕಾಣುವ ಹೊತ್ತಿನಲ್ಲಿ ಅದು ಸಿಗಬೇಕಿತ್ತು. ಅವರು ಕಂಡ ಧ್ರುವೀಕರಣ ಗ್ರಹಣ ಮುಗಿದ ಮೇಲೂ ಹಾಗೇ ಇತ್ತು! ಅಂದರೆ ಅದು ನಕ್ಷತ್ರದ್ದಲ್ಲ, ದಾರಿಯಲ್ಲಿ ಸೇರಿಕೊಂಡದ್ದು. 1953ರಲ್ಲಿ ಅದೇ ಚಂದ್ರಶೇಖರ್ ಭೌತವಿಜ್ಞಾನಿ ಫರ್ಮಿ ಜೊತೆಗೂಡಿ, ಬೇರೆ ಬೇರೆ ನಕ್ಷತ್ರಗಳ ಬೆಳಕಿನ ಧ್ರುವೀಕರಣದ ದಿಕ್ಕುಗಳು ಎಷ್ಟು ಚದುರಿವೆ ಎಂಬುದರಿಂದ ಕಾಂತಕ್ಷೇತ್ರದ ಬಲವನ್ನೇ ಅಂದಾಜು ಮಾಡಿದರು. ಚದುರುವಿಕೆ ಕಡಿಮೆಯಿದ್ದಷ್ಟೂ ಕ್ಷೇತ್ರ ಬಲಶಾಲಿ. ಲೇಖನ ಇಲ್ಲಿಂದಲೇ ಶುರುವಾಗಬಹುದಲ್ವಾ?

ಚಿತ್ರದಲ್ಲೂ ಒಂದು ತಪ್ಪಿದೆ. ಮೋಡದ ದಟ್ಟ ಒಡಲನ್ನು ನಕ್ಷತ್ರದ ಬೆಳಕು ದಾಟಲಾರದು. ಅಲ್ಲಿ ಧೂಳೇ ಹೊರಸೂಸುವ ಬೆಳಕನ್ನು ಅಳೆಯುತ್ತಾರೆ, ಪ್ಲಾಂಕ್ ಉಪಗ್ರಹ ಮಾಡಿದ ಹಾಗೆ. ಆ ಬೆಳಕಿನ ಕಂಪನ ಕಾಂತಕ್ಷೇತ್ರಕ್ಕೆ ಅಡ್ಡ. ನೀವು ನಕ್ಷತ್ರದ ಬೆಳಕು, ಧೂಳಿನ ಬೆಳಕು ಎರಡರ ಕಂಪನದ ದಿಕ್ಕು ತೋರಿಸುವ ಗೆರೆಗಳನ್ನೂ ಹಾಗೇ ಒಂದರ ಮೇಲೊಂದು ಎಳೆದಿದ್ದೀರಿ. ಪ್ಲಾಂಕ್ ಗೆರೆಗಳನ್ನು 90 ಡಿಗ್ರಿ ತಿರುಗಿಸಿ.

ವೃಷಭ ರಾಶಿಯ ಮೋಡದ ವರ್ಣನೆ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ. ಉಳಿದದ್ದನ್ನು ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.