ಊಟ ಆತೇನ್ರಿ ಅಂದ್ರ ತಪ್ಪೇನೈತಿ?

ಈ ತಿಂಗಳು ಬಂದ ಪತ್ರದಾಗ ಒಂದು ಪತ್ರ ನನ್ನ ಟೇಬಲ್ ಮ್ಯಾಗ ಹನ್ನೊಂದು ದಿನ ಕುಂತಿತ್ತು. ಕಾರಟಗಿ ಕಡೆ ಹುಡುಗ, ಈಗ ಬೆಂಗಳೂರಾಗ ಸಾಫ್ಟ್‌ವೇರ್ ಕೆಲಸ. ಹೆಸರು ಹಾಕಬ್ಯಾಡ್ರಿ ಅಂದಾರ, ಹಾಕಂಗಿಲ್ಲ. ನಾಕು ಪುಟದ ಪತ್ರ, ಮುಖ್ಯ ಮಾತು ಇಷ್ಟು:

"ಸಂಪಾದಕರೇ, ದೀಪಾವಳಿಗೆ ನಾಲ್ಕು ದಿನ ಊರಿಗೆ ಹೋಗಿದ್ದೆ. ಎದುರಿಗೆ ಸಿಕ್ಕವರೆಲ್ಲ ಊಟ ಆತೇನು ಅಂತಾರೆ. ಬೆಳಿಗ್ಗೆ ಹತ್ತಕ್ಕೂ ಅದೇ, ಸಂಜೆ ಐದಕ್ಕೂ ಅದೇ, ಉತ್ತರ ಕೇಳೋಕೂ ನಿಲ್ಲಲ್ಲ. ಆಮೇಲೆ ಪಗಾರ ಎಷ್ಟು, ಮದುವೆ ಯಾವಾಗ. ಬಸ್ಸಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಗಂಗಾವತಿಯಿಂದ ಬಳ್ಳಾರಿ ತನಕ ತಮ್ಮ ಜೀವನ ಚರಿತ್ರೆ ಹೇಳಿದರು. ನಮ್ಮ ಕಡೆ ಜನಕ್ಕೆ ಟೈಮಿನ ಬೆಲೆ ಗೊತ್ತಿಲ್ಲ. ನಿಮ್ಮ ಪತ್ರಿಕೆನೂ ಹಂಗೇ ಆಗಿದೆ. ಯಾರದೋ ಅಜ್ಜಿ ರೊಟ್ಟಿ, ಯಾರದೋ ಮೊದಲ ಕೆಲಸದ ನೆನಪು. ಇದರಿಂದ ಓದುಗನಿಗೆ ಏನು ಉಪಯೋಗ? ಕೆರಿಯರ್, ಹೂಡಿಕೆ, ಆರೋಗ್ಯ ಇಂಥ ವಿಷಯ ಹಾಕಿ."

ಮೊದಲು ನಿಮ್ಮ ಪಾಲಿನ ನ್ಯಾಯ ಒಪ್ಪಿಕೊಂಡು ಬಿಡ್ತೀನಿ, ಜಗಳ ಆಮ್ಯಾಲೆ. ಪಗಾರ ಕೇಳೂದು ತಪ್ಪು. ಮದುವಿ ಯಾವಾಗ ಅನ್ನೂದು ಅದಕ್ಕಿಂತ ದೊಡ್ಡ ತಪ್ಪು, ಅದರಾಗೂ ಹೆಣ್ಮಕ್ಕಳಿಗೆ. ನಮ್ಮ ಮಂದಿ ಇದನ್ನ ಬಿಡಬೇಕು, ಬಿಡ್ತಾರ ಅನ್ನೂ ಭರವಸೆ ನನಗಿಲ್ಲ. ನನ್ನ ಮಗನಿಗೆ ಕೆಲಸ ಸಿಕ್ಕ ದಿನ ನಮ್ಮನಿ ಎದುರಿಗಿನ ಕಿರಾಣಿ ಅಂಗಡಿಯಂವ ಪಗಾರ ಕೇಳಿ, ಪಿಎಫ್ ಕಟ್ ಆಗಿ ಕೈಗೆ ಎಷ್ಟು ಬರತೈತಿ ಅಂತನೂ ಕೇಳಿದ್ದ. ಅಲ್ಲಿಗೆ ನಿಮ್ಮ ಪಾಲು ಮುಗೀತು. ಉಳಿದ ಒಂದು ಮಾತಿಗೂ ನನ್ನ ಒಪ್ಪಿಗಿ ಇಲ್ಲ.

ಊಟ ಆತೇನು ಅನ್ನೂದು ನಿಮಗ ಬಾಯಿಚಟದಂಗ ಕೇಳಸ್ತು. ನಮ್ಮ ನೆಲದ ಲೆಕ್ಕ ಸ್ವಲ್ಪ ನೋಡ್ರಿ. 1876–78ರ ಬರದಾಗ ಇಡೀ ಮದ್ರಾಸ್ ಪ್ರಾಂತ್ಯದಾಗ ಭಾಳ ಕೆಟ್ಟ ಪೆಟ್ಟು ತಿಂದ ಜಿಲ್ಲಾಗಳಾಗ ಬಳ್ಳಾರಿ ಒಂದು. 1877ರಾಗ ರಿಚರ್ಡ್ ಟೆಂಪಲ್ ಅನ್ನೂ ಸಾಹೇಬ ಬಂದು, ಬರಗಾಲದ ಕಾಮಗಾರಿಯಾಗ ಕಲ್ಲು ಮಣ್ಣು ಹೊರೂ ಗಂಡಾಳಿಗೆ ದಿನಕ್ಕ ಒಂದು ಪೌಂಡ್ ಕಾಳು, ಅಂದ್ರ ಅರ್ಧ ಕೇಜಿಗೂ ಕಮ್ಮಿ, ಮ್ಯಾಲೊಂದು ಆಣೆ, ಇಷ್ಟು ಸಾಕು ಅಂತ ಗೆರಿ ಎಳದ. ಹೆಂಗಸರಿಗೆ ಅದಕ್ಕಿಂತ ಕಮ್ಮಿ. ಅಂಥಾ ಸೀಮೆಯಾಗ ಎದುರಿಗೆ ಬಂದ ಮನಿಷ್ಯಾನ್ನ ಮೊದಲು ಉಂಡೀಯೇನಪಾ ಅಂತ ಕೇಳೂ ರೂಢಿ ಗಟ್ಟಿ ಆತು ಅಂದ್ರ ನನಗೇನೂ ಸೋಜಿಗ ಅನ್ನಿಸೂದಿಲ್ಲ. ನಮ್ಮಜ್ಜಿ ಸಾಯೂ ತನಕ ಬಾಗಲಾಗ ಬಂದವರಿಗೆ ಯಾಕ ಬಂದ್ರಿ ಅಂತ ಕೇಳಿದಾಕಿ ಅಲ್ಲ. ಸಾಲದಂವ ಬಂದ್ರೂ ಮೊದಲು ನೀರಿನ ಚರಗಿ, ಆಮ್ಯಾಲೆ ಊಟ ಆತೇನು, ಆಮ್ಯಾಲೆ ಬೇಕಾದ್ರ ಬೈಗಳ.

ನಿಮ್ಮೂರಿಗೆ ಅಷ್ಟು ಸಮೀಪದ ಸಿಂಧನೂರಿಗೆ ಒಂದ್ಸಲ ಸಂತಿ ದಿನ ಹೋಗಿ ಸುಮ್ಮನ ಒಂದು ತಾಸು ನಿಲ್ರಿ. ತುಂಗಭದ್ರಾ ಡ್ಯಾಮ್ ಕೆಲಸ 1945ರಾಗ ಸುರು ಆಗಿ 1953ಕ್ಕ ನೀರು ನಿಂತ ಮ್ಯಾಲೆ ಎಡದಂಡಿ ಕಾಲುವಿಗುಂಟ ಆಂಧ್ರದ ಕಡೆಯಿಂದ ರೈತರು ಬಂದ್ರು, ಊರಿಗೊಂದು ಕ್ಯಾಂಪ್ ಆತು, ಜ್ವಾಳದ ಹೊಲ ಭತ್ತದ ಗದ್ದಿ ಆದ್ವು. ಅತ್ಲಾಗ ಬಂಗಾಳಿ ನಿರಾಶ್ರಿತರ ಕ್ಯಾಂಪ್ ಅದಾವ. ಆ ಸಂತಿಯಾಗ ನಮ್ಮವರು ಊಟ ಆತೇನ್ರಿ ಅಂತಾರ, ಕ್ಯಾಂಪಿನವರು ಅನ್ನಂ ತಿನ್ನಾರಾ ಅಂತಾರ, ಸಾಬರು ಖಾನಾ ಖಾಯೇ ಕ್ಯಾ ಅಂತಾರ, ಮೀನು ಮಾರೂ ಬಂಗಾಳಿ ಅಜ್ಜಿ ತನ್ನ ಮಂದಿಗೆ ಭಾತ್ ಖೇಯೇಛೋ ಅಂತಾಳ. ನಾಕು ಭಾಷೆ, ಪ್ರಶ್ನಿ ಒಂದ. ಒಬ್ರಿಗೊಬ್ರು ಏನೂ ಸಂಬಂಧ ಇಲ್ಲದ ಮಂದಿ ಇವರು. ಎಲ್ಲಾರಿಗೂ ಟೈಮಿನ ಬೆಲಿ ಗೊತ್ತಿಲ್ಲ ಅಂತೀರೇನು?

ತಮ್ಮಾ, ನೀ ಉತ್ತರಕ್ಕ ನಿಲ್ಲೂದಿಲ್ಲ ಅಂತ ಬರದೀಯಲ್ಲ (ನೀವು ಅಂತ ಸುರು ಮಾಡಿದ್ದೆ, ತಮ್ಮಾ ಅಂದ ಕೂಡ್ಲೆ ನೀ ಬಂತು, ಸಿಟ್ಟಾಗಬ್ಯಾಡ), ಆ ಒಂದು ಮಾತಿಗೆ ನನಗ ಹನ್ನೊಂದು ದಿನ ಹಿಡೀತು. ನಿಲ್ಲೂವರು ನಿಲ್ತಾರ. ಹೋದ ವರ್ಷ ಬ್ಯಾಸಿಗ್ಯಾಗ ಕುಷ್ಟಗಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದ್ದೆ. ಆ ದಿನದಾಗ ಆ ಬಸ್ಸು ಅಂದ್ರ ಗುಳೆ ಬಸ್ಸು. ಲಿಂಗಸುಗೂರು, ಮಸ್ಕಿ, ದೇವದುರ್ಗದ ಮಂದಿ, ಮಕ್ಕಳು ಮರಿ, ಪ್ಲಾಸ್ಟಿಕ್ ಕೊಡ, ಗೊಬ್ಬರದ ಚೀಲದಾಗ ಖಡಕ್ ರೊಟ್ಟಿ. ಎಸರಿನಾಗ ಹಿಟ್ಟು ನಾದಿ, ತೆಳ್ಳಗ ಬಡದು, ಒಣಗಿಸಿಟ್ರ ವಾರಗಟ್ಟಲೆ ಕೆಡೂದಿಲ್ಲ. ನನ್ನ ಪಕ್ಕದ ಸೀಟಿನಾಗ ಕುಂತಾಕಿ ಐವತ್ತರ ಹೆಣ್ಮಗಳು. ಊಟ ಆತೇನ್ರಿ ಅಣ್ಣಾರ ಅಂದ್ಲು. ಇಲ್ಲಬೇ ಅಂದೆ, ಖರೇನ ಆಗಿರ್ಲಿಲ್ಲ. ಚೀಲದಾಗ ಕೈ ಹಾಕಿ ಎರಡು ರೊಟ್ಟಿ, ಒಂದು ಹಿಡಿ ಗುರೆಳ್ಳು ಪುಡಿ ಕೊಟ್ಲು. ಅಷ್ಟು ತಿನ್ನೂದ್ರೊಳಗ ಹೊಸಪೇಟಿ ದಾಟಿತ್ತು, ಆಮ್ಯಾಲೆ ಆಕಿ ಮೆಲ್ಲಕ ಬಾಯಿ ಬಿಟ್ಲು. ಹಿಂದಿನ ಸಲ ಕಟ್ಟಡ ಕೆಲಸದ ಮೇಸ್ತ್ರಿ ಎರಡು ತಿಂಗಳ ಕೂಲಿ ಹಿಡಕೊಂಡಾನ, ಯಾರನ್ನ ಕೇಳಬೇಕು ಅಂತ ತಿಳೀವಲ್ದು. ಕಾರ್ಮಿಕ ಇಲಾಖೆ ಅಂತ ಒಂದೈತಿ, ಅಲ್ಲಿ ಅರ್ಜಿ ಕೊಡಬಹುದು ಅಂತ ಆಕಿಗೆ ಆವತ್ತ ಗೊತ್ತಾತು. ಕೂಲಿ ಸಿಕ್ತೋ ಇಲ್ಲೋ, ಆಕಿ ಮತ್ತ ನನಗ ಭೆಟ್ಟಿ ಆಗಿಲ್ಲ. ಆದ್ರ ನಾ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕುಂತಿದ್ರ ಆಕಿ ಏನ್ ಮಾಡ್ತಿದ್ಲು ಹೇಳು. ನಿನ್ನ ಪಕ್ಕ ಕುಂತು ಬಳ್ಳಾರಿ ತನಕ ಮಾತಾಡಿದಂವಗೂ ಕೊನೀಗೆ ಹೇಳೂದೊಂದು ಇತ್ತೇನೋ, ನೀ ಇಳಿದು ಹೋಗಿರಬೇಕು.

ಕೆಲಸದಾಗಿನ ಹರಟಿ ಬಗ್ಗೆನೂ ಬರದಿ, ಆಫೀಸಿನ್ಯಾಗ ಮಂದಿ ಕಾಫಿ ಮಷೀನ್ ಹತ್ರ ನಿಂತು ಟೈಮ್ ಹಾಳ ಮಾಡ್ತಾರ ಅಂತ. ನಮ್ಮ ಸೋದರಮಾವ ಹಟ್ಟಿ ಬಂಗಾರದ ಗಣಿಯಾಗ ಇಡೀ ಸರ್ವೀಸ್ ಮುಗಿಸಿದಂವ. ಪಾಳಿ ಬದಲಾಗೂ ಹೊತ್ತಿನಾಗ ಮ್ಯಾಲ ಬರೂವರು ಕೆಳಗ ಹೋಗೂವರು ಕೇಜಿನ (ಗಣಿಯೊಳಗ ಇಳಿಸೂ ಲಿಫ್ಟಿನ) ಬಾಯಾಗ ಐದು ನಿಮಿಷ ನಿಂತು ಮಾತಾಡ್ತಿದ್ರಂತ. ಏನ್ ಮಾತು? ಇವತ್ತ ಡಬ್ಬಿಯಾಗ ಏನು ಪಲ್ಲೆ, ಮಗಳ ಹೆರಿಗಿ ಆತೇನು, ಹಾಂ, ಆ ಮೂಲಿಯಾಗ ಮ್ಯಾಲಿನ ಕಲ್ಲು ಯಾಕೋ ಬ್ಯಾರೆ ಸಪ್ಪಳ ಮಾಡಾಕತ್ತೈತಿ, ನೋಡ್ಕೋ. ಪುಂಡಿಪಲ್ಲೆ ಮಾತಿನ ಹಿಂದ ಜೀವ ಉಳಸೂ ಮಾತು ಬರ್ತಿತ್ತು. ಪಾಳಿ ಬುಕ್ಕಿನ್ಯಾಗ ಬರಿಯೂದು ಇದ್ದ ಇತ್ತು, ಆದ್ರ "ಯಾಕೋ ಸರಿ ಅನ್ನಿಸವಲ್ದು" ಅನ್ನೂ ಮಾತಿಗೆ ಯಾವ ಬುಕ್ಕಿನ್ಯಾಗೂ ಕಾಲಂ ಇರಂಗಿಲ್ಲ ನೋಡು, ಅದು ಹರಟಿಯೊಳಗ ಹೊಕ್ಕೊಂಡ ಬರಬೇಕು.

ನನ್ನ ಕಥಿನೂ ಕೇಳು. ಈ ಪತ್ರಿಕೆ ಸುರು ಮಾಡೂಕಿಂತ ಮೊದಲು ಒಂದು ದಿನಪತ್ರಿಕೆಯಾಗ ಪುಟ ನೋಡ್ಕೊಂತಿದ್ದೆ. ಸಂಜಿ ಏಳಕ್ಕ ಎಲ್ಲಾರೂ ಕೆಳಗಿನ ಅಂಗಡಿಗೆ ಹೋಗಿ ಒಗ್ಗರಣಿ ಮಂಡಕ್ಕಿ, ಮಿರ್ಚಿ, ಅರ್ಧ ಚಾ. ಕಂಪೋಸಿಂಗ್‌ನವರು, ಜಾಹೀರಾತಿನವರು, ನಾವು, ಪ್ಯಾಕಿಂಗ್ ಹುಡುಗ್ರು, ಎಲ್ಲಾ ಒಂದ ಬೆಂಚು. ಹೊಸ ಮ್ಯಾನೇಜರ್ ಬಂದ್ರು, ಇಪ್ಪತ್ತು ಮಂದಿ ಅರ್ಧ ತಾಸು ಅಂದ್ರ ದಿನಕ್ಕ ಹತ್ತು ತಾಸು ಲುಕ್ಸಾನು ಅಂತ ಕ್ಯಾಲ್ಕುಲೇಟರ್ ಒತ್ತಿ ತೋರಿಸಿದ್ರು, ಚಾ ಟೇಬಲ್ಲಿಗೇ ಬರಾಕತ್ತಿತು, ಪ್ಲಾಸ್ಟಿಕ್ ಕಪ್ಪಿನ್ಯಾಗ. ಮೂರನೇ ವಾರ ಏನಾತು ಅಂದ್ರ ಶ್ರದ್ಧಾಂಜಲಿ ಜಾಹೀರಾತಿನ ಫೋಟೋ ಮತ್ತ ಐವತ್ತನೇ ಮದುವಿ ವಾರ್ಷಿಕೋತ್ಸವದ ಜಾಹೀರಾತಿನ ಫೋಟೋ ಅದಲು ಬದಲು ಆಗಿ ಅಚ್ಚಾಗಿ ಹೋತು. ಬೆಳಿಗ್ಗಿ ಆರಕ್ಕ, ಸತ್ತ ಅಜ್ಜನ ಮನಿಯವರು ಬರೂಕಿಂತ ಮೊದಲ, ಬದುಕಿದ್ದ ಅಜ್ಜ ತಾನ ಬಂದು ಗೇಟಿನಾಗ ನಿಂತಿದ್ದ. ಪ್ಯಾಕಿಂಗ್ ಹುಡುಗ ಅವರ ಓಣಿಯಂವನ! "ಸರ, ನಿನ್ನಿ ಕಟಿಂಗ್ ಅಂಗಡ್ಯಾಗ ಇದ್ದ ಈ ಅಜ್ಜ" ಅಂದ. ಮೊದಲಿನಂಗ ಕೂಡಿದ್ರ ಬೆಂಚಿನ ಮ್ಯಾಗ ಆ ಪ್ರೂಫ್, ಅಚ್ಚಿಗಿಂತ ಮೊದಲಿನ ಕರಡು, ಸುಮ್ಮನ ಕೈಯಿಂದ ಕೈಗೆ ಹೋಗ್ತಿತ್ತು, ಮಿರ್ಚಿ ಎಣ್ಣಿ ಹತ್ತಿದ್ರೂ ಅಡ್ಡಿ ಇದ್ದಿಲ್ಲ, ಯಾರಾದ್ರೂ ಒಬ್ರು ಅಯ್ಯ ಇಂವ ಬದಕ್ಯಾನಲ್ಲೋ ಅಂತಿದ್ರು. ಆ ಹತ್ತು ತಾಸಿನ ಲೆಕ್ಕದಾಗ ಈ ಅಜ್ಜ ಎಲ್ಲಿ ಬರ್ತಾನ ಅಂತ ಮ್ಯಾನೇಜರನ್ನ ಕೇಳಬೇಕಂತ ಮಾಡಿದ್ದೆ, ಕೇಳಲಿಲ್ಲ, ನನಗೂ ಪಗಾರ ಬೇಕಾಗಿತ್ತು.

ಇನ್ನ ಅಜ್ಜಿ ರೊಟ್ಟಿ ನೆನಪಿಂದ ಏನು ಉಪಯೋಗ ಅನ್ನೂ ಪ್ರಶ್ನಿ. ಹಂಪಿ ಬಗ್ಗೆ ಎಲ್ಲಾರೂ ಮುತ್ತು ರತ್ನ ಬಳ್ಳದಿಂದ ಅಳದು ಮಾರ್ತಿದ್ರು ಅಂತ ಹೇಳ್ತಾರ. ಕೃಷ್ಣದೇವರಾಯನ ಕಾಲದಾಗ ಬಂದ ಡೊಮಿಂಗೊ ಪಾಯೆಸ್ ಅನ್ನೂ ಪೋರ್ಚುಗೀಸ್ ಪ್ರವಾಸಿ ಬಜಾರದಾಗ ತಿರಗಾಡಿ ಯಾವ ಕಾಳು, ಯಾವ ಹಣ್ಣು, ಏನು ರೇಟು ಅಂತ ಬರಕೊಂಡ. ಒಂದು ಹಣಕ್ಕ (ಆ ಕಾಲದ ನಾಣ್ಯ ಅದು) ದ್ರಾಕ್ಷಿ ಮೂರು ಗೊನಿ, ದಾಳಿಂಬ್ರಿ ಹತ್ತು. ಅದು ಐದುನೂರು ವರ್ಷದ ಹಿಂದಿನ ಸಂತಿ ಮಾತು, ಇವತ್ತ ಇತಿಹಾಸ ಅಂತ ಕಾಲೇಜಿನ್ಯಾಗ ಪಾಠ ಮಾಡ್ತಾರ. ಪರದೇಶದಂವ ಬರದ, ನಮ್ಮವರಿಗೆ ಅದು ಬರಿಯೂವಂಥಾದ್ದು ಅನ್ನಿಸ್ಲಿಲ್ಲ. ಈಗ ಕುಷ್ಟಗಿ, ಯಲಬುರ್ಗಾ ಕಡೆ ಎಕರೆಗಟ್ಟಲೆ ದಾಳಿಂಬ್ರಿ, ದುಂಡಾಣು ರೋಗ ಬಂದು ಎಷ್ಟು ಮಂದಿ ಗಿಡ ಕಡದು ಒಗದ್ರು, ಅವರ ಮನಿಯಾಗ ಆವತ್ತ ಏನು ಮಾತಾಡಿದ್ರು, ಅದನ್ನ ಬರೀರಿ ಅಂದ್ರ ನನಗ ಹೂಡಿಕೆ ಸಲಹೆ ಲೇಖನ ಬರ್ತಾವ. ಮ್ಯೂಚುವಲ್ ಫಂಡ್ ಲೇಖನ ನೂರು ಕಡೆ ಸಿಗತಾವ ತಮ್ಮಾ. ಕೊಪ್ಪಳದ ಗವಿಮಠದ ಜಾತ್ರಿಗೆ ಊರೂರಿಂದ ಟ್ರ್ಯಾಕ್ಟರ್ ತುಂಬ ರೊಟ್ಟಿ ಬರ್ತಾವಲ್ಲ, ಆ ರೊಟ್ಟಿ ಬಡಿಯೂ ರಾತ್ರಿ ಹೆಂಗಸರು ಓಣ್ಯಾಗ ಕೂಡಿ ಏನು ಮಾತಾಡ್ತಾರ ಅನ್ನೂದು ನನ್ನ ಪತ್ರಿಕೆ ಬಿಟ್ರ ಎಲ್ಲಿ ಸಿಗತೈತಿ? (ಸಿಕ್ರ ತಿಳಿಸು, ಚಂದಾ ಕಟ್ತೀನಿ.)

ಮಾತಾಡೂ ಜಾಗಾನ ಕಮ್ಮಿ ಆಗಾಕತ್ತಾವ, ಅದು ನನ್ನ ದೊಡ್ಡ ಸಂಕಟ. ರಸ್ತೆ ಅಗಲ ಮಾಡಿದ್ರು, ಬೇವಿನ ಗಿಡ ಹೋತು, ಗಿಡದ ಕೂಡ ಕಟ್ಟಿ ಹೋತು. ಹೋಟೆಲಿನ್ಯಾಗ ಕುರ್ಚಿ ತಗದು ನಿಂತ ತಿನ್ನೂ ಟೇಬಲ್ ಇಟ್ರು, ಗ್ವಾಡಿಗೆ "ಅನಾವಶ್ಯಕ ಕೂರಬಾರದು, ರಾಜಕೀಯ ಮಾತಾಡಬಾರದು" ಅಂತ ಬೋರ್ಡ್. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ ಹತ್ತೊಂಬತ್ತನೇ ಗೇಟಿನ ಚೈನ್ ಹರದು ಗೇಟ್ ಕೊಚ್ಚಿಕೊಂಡು ಹೋತಲ್ಲ, ಮೂವತ್ಮೂರು ಗೇಟಿನಾಗ ಒಂದು, ಆ ವಾರ ಅಂಥಾ ಬೋರ್ಡಿನ ಕೆಳಗ ನಿಂತು ಇಡ್ಲಿ ಕೊಡೂ ಹುಡುಗನೂ ಎಷ್ಟು ಟಿಎಂಸಿ ಹೋತು, ಹೋದ ಗೇಟಿನ ಜಾಗಕ್ಕ ಇಳಸೂ ಸ್ಟಾಪ್‌ಲಾಗ್ ಅಂದ್ರೇನು, ಎರಡನೇ ಬೆಳಿಗೆ ನೀರು ಬರತೈತೋ ಇಲ್ಲೋ ಅಂತ ಎಂಜಿನಿಯರ್‌ಗಿಂತ ಚಂದ ಹೇಳ್ತಿದ್ದ. ಅದು ರಾಜಕೀಯನೋ, ಅನಾವಶ್ಯಕನೋ? ಈಗ ಮುಂಜಾನೆದ್ರ ಮೊಬೈಲಿಗೆ ಹೂವಿನ ಚಿತ್ರ ಬರ್ತಾವ, ಶುಭೋದಯ ಅಂತ. ನನ್ನ ಖಾಸ ತಮ್ಮ ದಿನಾ ಕಳಸ್ತಾನ, ಅವನ ಬಿಪಿ ಮಾತ್ರಿ ಬದಲಾಗಿ ಮೂರು ತಿಂಗಳಾತು ಅಂತ ನನಗ ಗೊತ್ತಾಗಿದ್ದು ಒಂದು ಲಗ್ನದ ಪಂಕ್ತಿಯಾಗ, ಅವನ ಎಲಿಗೆ ಉಪ್ಪಿನಕಾಯಿ ಬ್ಯಾಡ ಅಂದಾಗ.

ಇನ್ನೊಂದು ಮಾತು. ನಿನ್ನ ನಾಕು ಪುಟದಾಗ ಮುಕ್ಕಾಲು ಪುಟ ನಾ ಮ್ಯಾಲ ಹಾಕಿಲ್ಲ, ಬೇಕಂತ ಹಿಡಕೊಂಡೀನಿ. ಅವ್ವ ಕಟ್ಟಿಕೊಟ್ಟ ಶೇಂಗಾದ ಹಿಂಡಿ (ಚಟ್ನಿಪುಡಿ) ಡಬ್ಬಿ ಬಸ್ಸಿನಾಗ ಬಾಯಿ ಬಿಟ್ಟು, ಲ್ಯಾಪ್‌ಟಾಪ್ ಬ್ಯಾಗೆಲ್ಲ ಕೆಂಪಗಾಗಿ, ಸೋಮವಾರ ಮೀಟಿಂಗಿನ್ಯಾಗ ಚಾರ್ಜರ್ ತಗದ್ರ ಬಳ್ಳೊಳ್ಳಿ ವಾಸನಿ ಎದ್ದು, ಪಕ್ಕದ ತಮಿಳು ಹುಡುಗಿ ಏನಿದು ಅಂತ ಕೇಳಿ, ಮರುದಿನ ಆಕಿ ತಮ್ಮನಿ ಪರುಪ್ಪು ಪೊಡಿ (ಬ್ಯಾಳಿ ಪುಡಿ) ತಂದು, ಈಗ ಇಬ್ಬರೂ ಬುಧವಾರಕ್ಕೊಮ್ಮಿ ಡಬ್ಬಿ ಅದಲು ಬದಲು ಮಾಡ್ಕೊಂತೀರಿ ಅಂತ ಬರದೀ. ಊರಿಂದ ಸಾಮಾನು ಹೊರೂದು ಎಷ್ಟು ತ್ರಾಸು ಅಂತ ಹೇಳಾಕ ಬರದದ್ದು ಅದು, ತಕರಾರಿನ ಪಟ್ಟಿಯಾಗ ಮೂರನೇದು. ಆರು ವರ್ಷ ಅದ ಆಫೀಸಿನ್ಯಾಗ ಇದ್ದು ಆಕಿ ಕೂಡ ಮಾತಾಡಿದ್ದು ಅವತ್ತ ಮೊದಲ ಸಲ ಅಂತ ಒಂದು ಸಾಲು ಬ್ಯಾರೆ.

ಆ ಮುಕ್ಕಾಲು ಪುಟ ಎರಡು ಪುಟ ಮಾಡಿ ಕಳಿಸು, ಮುಂದಿನ ಸಂಚಿಕೆಗೆ ಜಾಗ ಇಟ್ಟೀನಿ. ಹಿಂಡಿಗೆ ಅವ್ವ ಬಳ್ಳೊಳ್ಳಿ ಹುರದು ಹಾಕ್ತಾರೋ ಹಸೇದೋ ಕೇಳಿ ಬರಿ, ನಮ್ಮನಿಯಾಗ ಇದರ ಮ್ಯಾಗ ಜಗಳ ಐತಿ. ಕನ್ನಡ ಟೈಪ್ ಮಾಡಾಕ ಬ್ಯಾಸರಾದ್ರ ವಾಯ್ಸ್ ಮೆಸೇಜ್ ಕಳಿಸು, ನಮ್ಮ ಆಫೀಸಿನ ಹುಡುಗಿ ಕೇಳಿ ಬರಕೊಂತಾಳ. ಪಗಾರ ಕೇಳಬ್ಯಾಡ ಅಂತ ಆಕಿಗೆ ಹೇಳೀನಿ, ಕೇಳಿದ್ರ ನನ್ನ ಜವಾಬ್ದಾರಿ ಅಲ್ಲ.