ಮೆಶ್ ಸಣ್ಣದಾದಷ್ಟೂ ಬೀಮ್ ಸೊರಗುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ, ಸರಳು ಹಾಕದ ಕಾಂಕ್ರೀಟ್ ಬೀಮೊಂದು ಮುರಿಯುವುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದೆ. ಮೆಶ್ (ಲೆಕ್ಕಕ್ಕಾಗಿ ಬೀಮನ್ನು ಸಣ್ಣ ತುಂಡುಗಳಾಗಿ ಒಡೆಯುವ ಬಲೆ) 20 ಮಿ.ಮೀ. ಇದ್ದಾಗ ಒಂದು ಉತ್ತರ ಬಂತು, 5 ಮಿ.ಮೀ.ಗೆ ಇಳಿಸಿದಾಗ ಬೀಮ್ ಇನ್ನೂ ಕಡಿಮೆ ಭಾರಕ್ಕೆ ಥಟ್ಟನೆ ಮುರಿಯಿತು. ಮೆಶ್ ಸಣ್ಣದಾದಷ್ಟೂ ಉತ್ತರ ನಿಖರವೆಂದು ಕಲಿತಿದ್ದೇವೆ. ಯಾವುದನ್ನು ನಂಬಲಿ?

ಉತ್ತರ: ಸದ್ಯಕ್ಕೆ ಎರಡನ್ನೂ ನಂಬಬೇಡಿ. ನೀವು ಕಲಿತ ನಿಯಮ ಸುಳ್ಳಲ್ಲ, ಆದರೆ ಅದು ಬಿರುಕು ಬಿಡದ ವಸ್ತುವಿನ ಲೆಕ್ಕಕ್ಕೆ ಸೇರಿದ್ದು. ಎಳೆತಕ್ಕೆ ಸಿಕ್ಕ ಕಾಂಕ್ರೀಟು ಗಾಜಿನಂತೆ ಒಮ್ಮೆಗೇ ತುಂಡಾಗುವುದಿಲ್ಲ. ಖಡಿಯ ಸುತ್ತ ಕಣ್ಣಿಗೆ ಕಾಣದ ಬಿರುಕುಗಳು ಹುಟ್ಟಿ ಒಂದಕ್ಕೊಂದು ಕೂಡಿಕೊಳ್ಳುವಾಗಲೂ ಖಡಿಯ ಹರಳುಗಳು ಎರಡೂ ಮಗ್ಗುಲುಗಳನ್ನು ಹಿಡಿದುಕೊಂಡಿರುವುದರಿಂದ, ಅದರ ಬಲ ಹಂತಹಂತವಾಗಿ ಸೊನ್ನೆಗೆ ಇಳಿಯುತ್ತದೆ. ಈ ಇಳಿತವನ್ನೇ ಸಾಫ್ಟ್‌ವೇರು ಹಾನಿಯ ಅಂಕಿಯಾಗಿ ಬರೆದುಕೊಳ್ಳುತ್ತದೆ: ಸೊನ್ನೆ ಎಂದರೆ ಗಟ್ಟಿ ಕಾಂಕ್ರೀಟು, ಒಂದು ಎಂದರೆ ಪೂರ್ತಿ ಬಿಟ್ಟುಹೋದ ಬಿರುಕು.

ತೊಡಕು ಇರುವುದು ಇಲ್ಲಿಯೇ. ಬಲ ಕುಂದತೊಡಗಿದೊಡನೆ ಹಾನಿಯೆಲ್ಲ ಎಲಿಮೆಂಟುಗಳ, ಅಂದರೆ ಮೆಶ್‌ನ ತುಂಡುಗಳ, ಒಂದೇ ಸಾಲಿನಲ್ಲಿ ಬಂದು ಕೂರುತ್ತದೆ, ಅಕ್ಕಪಕ್ಕದ ಸಾಲುಗಳು ಮಾತ್ರ ಭಾರ ಇಳಿದು ಹಾಯಾಗಿರುತ್ತವೆ. ಎಲ್ಲ ಮೆಶ್‌ಗೂ ಒಂದೇ ಸ್ಟ್ರೆಸ್-ಸ್ಟ್ರೇನ್ ರೇಖೆ (ವಸ್ತು ಎಷ್ಟು ಹಿಗ್ಗಿದಾಗ ಎಷ್ಟು ಎಳೆತ ತಡೆಯುತ್ತದೆ ಎಂಬ ರೇಖೆ) ಕೊಟ್ಟಿದ್ದರೆ, ಆ ಸಾಲಿನ ಅಗಲ 20ರಿಂದ 5 ಮಿ.ಮೀ.ಗೆ ಇಳಿದಾಗ ಬಿರುಕು ಮೂಡಲು ವ್ಯಯವಾಗುವ ಶಕ್ತಿಯೂ ಕಾಲುಭಾಗವಾಗುತ್ತದೆ. ಹೀಗೆಯೇ ಸಣ್ಣದು ಮಾಡುತ್ತ ಹೋದರೆ ಬೀಮ್ ಪುಕ್ಕಟೆಯಾಗಿ ಮುರಿದೀತು!

ಬಿರುಕಿನ ಒಂದು ಚದರ ಮೀಟರಿಗೆ ಬೇಕಾಗುವ ಶಕ್ತಿಯನ್ನು ಕಾಂಕ್ರೀಟಿನ ಗುಣವೆಂದೇ ಹಿಡಿಯಬೇಕೆಂದು ಸ್ವೀಡನ್ನಿನ ಹಿಲ್ಲೆರ್‌ಬೊರ್ಗ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಅದನ್ನು ಎಲಿಮೆಂಟಿನ ಅಗಲಕ್ಕೆ ಹೊಂದಿಸುವ ದಾರಿಯನ್ನು ಬಜಾಂಟ್ ಮತ್ತು ಓ ಎಂಬ ಸಂಶೋಧಕರು 1983ರಲ್ಲಿ ಕೊಟ್ಟರು. ಎಳೆತದ ಬಲ 3 ಮೆಗಾಪಾಸ್ಕಲ್, ಮುರಿತದ ಶಕ್ತಿ ಮೀಟರಿಗೆ 100 ನ್ಯೂಟನ್ (ಅಂದರೆ ಚದರ ಮೀಟರಿಗೆ 100 ಜೂಲ್), ಇಳಿಯುವ ರೇಖೆ ನೇರ ಎಂದಿಟ್ಟುಕೊಳ್ಳಿ. ಬಿರುಕು ಸುಮಾರು 0.067 ಮಿ.ಮೀ., ಅಂದರೆ ಒಂದು ತಲೆಗೂದಲಿನಷ್ಟು, ಬಾಯಿಬಿಟ್ಟಾಗ ಬಲ ಮುಗಿಯುತ್ತದೆ. ಇದನ್ನು ಎಲಿಮೆಂಟಿನ ಅಗಲದಿಂದ ಭಾಗಿಸಿದರೆ 20 ಮಿ.ಮೀ. ಮೆಶ್‌ಗೆ ಕೊನೆಯ ಸ್ಟ್ರೇನ್ 0.0033, 5 ಮಿ.ಮೀ. ಮೆಶ್‌ಗೆ 0.0133. ಮೆಶ್ ಬದಲಾದರೆ ರೇಖೆಯ ಬಾಲವೂ ಬದಲಾಗಬೇಕು. ನೀವು ಬಹುಶಃ ಬದಲಿಸಿಲ್ಲ. ಸಾಫ್ಟ್‌ವೇರಿನಲ್ಲಿ ಸ್ಟ್ರೇನ್ ಬದಲು ಮುರಿತದ ಶಕ್ತಿಯನ್ನೇ ಕೊಡುವ ಆಯ್ಕೆ ಇದ್ದರೆ ಅದನ್ನೇ ಬಳಸಿ.

ಬಳಿಕ ಒಂದು ತಾಳೆ ನೋಡಿ: ಭಾರ ಮತ್ತು ಬಾಗುವಿಕೆಯ ರೇಖೆಯ ಕೆಳಗಿನ ಕ್ಷೇತ್ರವನ್ನು ಮುರಿದ ಮುಖದ ಕ್ಷೇತ್ರದಿಂದ ಭಾಗಿಸಿದರೆ, ನೀವು ಕೊಟ್ಟ ಶಕ್ತಿಯೇ ಹೆಚ್ಚುಕಡಿಮೆ ಮರಳಿ ಬರಬೇಕು. ಬಣ್ಣಬಣ್ಣದ ಚಿತ್ರಗಳಿಗಿಂತ ಪರೀಕ್ಷಕರಿಗೆ ಈ ಒಂದು ಸಂಖ್ಯೆ ಹೆಚ್ಚು ಹೇಳುತ್ತದೆ. ಬಿರುಕು ಮೆಶ್‌ನ ಗೆರೆಗಳನ್ನೇ ಹಿಡಿದು ಸಾಗುವ ಚಾಳಿ ಮಾತ್ರ ಇದರಿಂದ ಹೋಗದು. ಮೆಶ್ ಅನ್ನು ಓರೆಯಾಗಿಸಿ ಇನ್ನೊಮ್ಮೆ ಓಡಿಸಿ.

ಪ್ರಶ್ನೆ: ಗದಗಿನ ಹತ್ತಿರ ಎರೆ ಭೂಮಿಯಲ್ಲಿ ಕಟ್ಟಿದ ನಮ್ಮ ಮನೆಯ ಗೋಡೆ ಓರೆಯಾಗಿ ಸೀಳಿದೆ. ಇಂಥ ಲೆಕ್ಕದಿಂದ ಮುಂದೇನಾಗುತ್ತದೆಂದು ತಿಳಿಯಬಹುದೆ?

ಉತ್ತರ: ತಿಳಿಯಬಹುದು, ಆದರೆ ಬುನಾದಿ ಎಲ್ಲಿ ಎಷ್ಟು ಕದಲಿದೆ ಎಂಬುದನ್ನು ಮೊದಲು ಕಂಪ್ಯೂಟರಿಗೆ ಹೇಳಬೇಕಾಗುತ್ತದೆ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವುದರಿಂದ ಒಂದು ದಿನದ ಅಳತೆ ಸಾಲದು. ಬಿರುಕಿನ ಎರಡೂ ತುದಿಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಅಗಲವನ್ನು ತಿಂಗಳಿಗೊಮ್ಮೆ, ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ದಾಟುವವರೆಗೆ ಅಳೆಯಿರಿ. ಈ ನಡುವೆ ಬಾಗಿಲು-ಕಿಟಕಿ ಬಿಗಿಯಾಗತೊಡಗಿದರೆ ಅಥವಾ ಗೋಡೆ ಹೊರಗೆ ವಾಲಿದರೆ, ಲೆಕ್ಕಕ್ಕೆ ಕಾಯದೆ ಎಂಜಿನಿಯರರನ್ನು ಕರೆಸಿರಿ.